ಓದುಗರ ಪ್ರಶ್ನೆ: ತಟ್ಟೆ ಒಡೆದವರ ಲೆಕ್ಕ, ತಂಡದ ಲೆಕ್ಕ

ಯಂತ್ರ ಗಾಳಿಗೆ ಎಸೆಯುವ ಮಣ್ಣಿನ ತಟ್ಟೆಗಳನ್ನು ಬಂದೂಕಿನಿಂದ ಹೊಡೆದು ಒಡೆಯುವ ಆಟವಾದ ಟ್ರ್ಯಾಪ್ ಶೂಟಿಂಗ್‌ನಲ್ಲಿ ತಂಡಗಳ ಲೀಗ್ ಹೇಗೆ ನಡೆಯುತ್ತದೆ, ಅದರ ಅಂಕಗಳನ್ನು ಹೇಗೆ ಕೂಡುತ್ತಾರೆ ಎಂದು ಕೇಳಿ ಅಮೆರಿಕದಲ್ಲಿ ನೆಲೆಸಿರುವ ಕೆಲವು ಓದುಗರೂ ನಾಡಿನ ಇಬ್ಬರು ಓದುಗರೂ ಪತ್ರ ಬರೆದಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹತ್ತಿರವಾಗಿರುವುದರಿಂದ ಈ ಬಾರಿಯ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಡಲಾಗಿದೆ.

ಪ್ರಶ್ನೆ: ನಾವು ಮಿನೆಸೋಟಾದಲ್ಲಿದ್ದೇವೆ. ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಶಾಲೆಯ ಟ್ರ್ಯಾಪ್ ತಂಡಕ್ಕೆ ಸೇರಿದ್ದಾಳೆ. ವಾರಕ್ಕೊಂದು ದಿನ ಸಮೀಪದ ಕ್ಲಬ್ಬಿನ ಮೈದಾನದಲ್ಲಿ ಹೊಡೆದು ಬರುತ್ತಾಳೆ. ಅಲ್ಲಿ ಬೇರೆ ಶಾಲೆಯವರು ಯಾರೂ ಇರುವುದಿಲ್ಲ, ಆದರೂ ‘ಈ ವಾರ ನಮ್ಮ ತಂಡ ಮೂರನೆಯ ಸ್ಥಾನದಲ್ಲಿದೆ’ ಎನ್ನುತ್ತಾಳೆ. ಎದುರಾಳಿಯೇ ಇಲ್ಲದ ಪಂದ್ಯ ಯಾವ ಬಗೆಯದು? ಅವಳು 50ಕ್ಕೆ 15 ಹೊಡೆದ ವಾರ ಉಳಿದ ಮಕ್ಕಳಿಗೆ ಭಾರವಾಗುವುದಿಲ್ಲವೇ?

ಉತ್ತರ: ಎದುರಾಳಿಗಳು ಇದ್ದಾರೆ, ಅವರವರ ಊರಿನ ಮೈದಾನದಲ್ಲಿದ್ದಾರೆ, ಅಷ್ಟೆ. ಕಬಡ್ಡಿಯಲ್ಲೋ ವಾಲಿಬಾಲಿನಲ್ಲೋ ಒಬ್ಬರ ಆಟ ಇನ್ನೊಬ್ಬರ ಆಟವನ್ನು ತಡೆಯುತ್ತದೆ. ಟ್ರ್ಯಾಪ್‌ನಲ್ಲಿ ಹಾಗಲ್ಲ. ಯಂತ್ರ ಎಸೆಯುವ ತಟ್ಟೆಗೂ ಅದನ್ನು ಹೊಡೆಯುವವರಿಗೂ ನಡುವೆ ಮೂರನೆಯವರ ಕೈ ಇರುವುದಿಲ್ಲ. ಮೈದಾನದ ಅಳತೆ, ನಿಲ್ಲುವ ದೂರ, ತಟ್ಟೆಗಳ ಸಂಖ್ಯೆ ಇವು ಎಲ್ಲೆಡೆ ಒಂದೇ ಆಗಿರುವುದರಿಂದ ನೂರಾರು ಮೈಲಿ ದೂರದ ಎರಡು ಶಾಲೆಗಳು ತಮ್ಮ ತಮ್ಮ ಕ್ಲಬ್ಬಿನಲ್ಲೇ ಹೊಡೆದು, ಆ ವಾರದ ಅಂಕಗಳನ್ನು ನಿಗದಿತ ಸಮಯದೊಳಗೆ ತರಬೇತುದಾರರ ಮೂಲಕ ಕಳಿಸಿಕೊಟ್ಟರೆ ಪಂದ್ಯ ನಡೆದಂತೆಯೇ. ಇದು ಹೊಸ ಯೋಚನೆಯೂ ಅಲ್ಲ. ಅಂತರಜಾಲ ಬರುವುದಕ್ಕೆ ಬಹಳ ಮೊದಲೇ ಅಮೆರಿಕದ ವಾಯವ್ಯ ಭಾಗದ ಕ್ಲಬ್‌ಗಳು ಭಾನುವಾರ ಹೊಡೆದ ಅಂಕಗಳನ್ನು ದೂರವಾಣಿಯಲ್ಲಿ ಪತ್ರಿಕಾ ಕಚೇರಿಗೆ ತಿಳಿಸುವ ಲೀಗ್ ನಡೆಸುತ್ತಿದ್ದವು. ಒಂದು ಊರಿನಲ್ಲಿ ಬಿಸಿಲು, ಇನ್ನೊಂದರಲ್ಲಿ ಬಿರುಗಾಳಿ ಎಂಬ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಹಲವು ವಾರಗಳಲ್ಲಿ ಅದು ಸರಿದೂಗುತ್ತದೆ ಎಂದು ಸಂಘಟಕರು ಹೇಳುತ್ತಾರೆ. ಪೂರ್ತಿ ಸರಿದೂಗುತ್ತದೆ ಎಂದು ನಮಗನ್ನಿಸುವುದಿಲ್ಲ.

ತಮ್ಮ ಮಗಳು ಆಡುತ್ತಿರುವ ಶಾಲಾ ಲೀಗಿನ ಮೂಲ ತಮ್ಮ ರಾಜ್ಯದಲ್ಲೇ ಇದೆ. ಕ್ಲಬ್‌ಗಳ ಸದಸ್ಯರೆಲ್ಲ ವಯಸ್ಸಾದವರೇ ಆಗುತ್ತಿರುವುದನ್ನು ಕಂಡ ಜಿಮ್ ಸೇಬಲ್ ಎಂಬವರು 2001ರ ಸುಮಾರಿಗೆ ಪ್ಲಿಮತ್ ಊರಿನ ಕ್ಲಬ್ಬಿನಲ್ಲಿ ಶಾಲಾ ಮಕ್ಕಳನ್ನು ಸೇರಿಸಿಕೊಂಡು ತರಬೇತಿ ಆರಂಭಿಸಿದರು. 2008ರಲ್ಲಿ ಕೇವಲ ಮೂರು ತಂಡಗಳಿದ್ದ ಲೀಗ್ ಇಂದು ಅನೇಕ ರಾಜ್ಯಗಳಿಗೆ ಹರಡಿದೆ. ಆರನೆಯಿಂದ ಹನ್ನೆರಡನೆಯ ತರಗತಿಯವರೆಗಿನ ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ಬಂದೂಕು ಸುರಕ್ಷತೆಯ ಪ್ರಮಾಣಪತ್ರವಿಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಕಾಯ್ದಿರಿಸಿದ ಆಟಗಾರರೆಂದು ಯಾರನ್ನೂ ಪಕ್ಕದಲ್ಲಿ ಕೂರಿಸುವುದಿಲ್ಲ. ಸೇರಿದವರೆಲ್ಲರೂ ಪ್ರತಿ ವಾರ ಹೊಡೆಯುತ್ತಾರೆ. ವಾರಕ್ಕೆ 25 ತಟ್ಟೆಗಳ ಎರಡು ಸುತ್ತು, ಅಂದರೆ ಒಬ್ಬರಿಗೆ 50 ತಟ್ಟೆ; ಹೀಗೆ ಐದು ವಾರ. ಅದಕ್ಕೂ ಮೊದಲು ಅಭ್ಯಾಸದ ವಾರವೂ ಮೀಸಲು ವಾರವೂ ಇರುತ್ತವೆ. ಜ್ವರವೋ ಪರೀಕ್ಷೆಯೋ ಬಂದು ಒಂದು ವಾರ ತಪ್ಪಿದರೆ ಮೀಸಲು ವಾರದ ಅಂಕವನ್ನು ಅಲ್ಲಿ ಬಳಸುತ್ತಾರೆ. ಆದ್ದರಿಂದ ಮೀಸಲು ವಾರದಲ್ಲಿ ‘ಇದು ಲೆಕ್ಕಕ್ಕಿಲ್ಲ’ ಎಂದು ಉದಾಸೀನ ಮಾಡಬಾರದೆಂದು ಮಗಳಿಗೆ ತಿಳಿಸಿ.

ಇನ್ನು ಭಾರದ ಮಾತು. ತಂಡದ ಅಂಕವೆಂದರೆ ಎಲ್ಲರೂ ಒಡೆದ ತಟ್ಟೆಗಳ ಬರಿಯ ಮೊತ್ತವಾಗಿದ್ದರೆ ತಮ್ಮ ಆತಂಕ ನಿಜವಾಗುತ್ತಿತ್ತು. ಈ ಲೀಗಿನಲ್ಲಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಸಮೀಪವಿರುವ ತಂಡಗಳನ್ನು ಒಂದು ಗುಂಪಿಗೆ ಹಾಕಿ, ಗುಂಪಿನ ವಿದ್ಯಾರ್ಥಿಗಳ ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ, ಸ್ಥಾನಕ್ಕೆ ತಕ್ಕಂತೆ ಪಾಯಿಂಟ್ ಕೊಡುತ್ತಾರೆ. ತಂಡಕ್ಕೆ ಸಿಗುವುದು ಈ ಪಾಯಿಂಟ್‌ಗಳ ಮೊತ್ತ. ಚಿಕ್ಕದೊಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಮೂರು ತಂಡಗಳಿವೆ, ಪ್ರತಿ ತಂಡದಿಂದ ನಾಲ್ವರ ಅಂಕ ಲೆಕ್ಕಕ್ಕೆ ಬರುತ್ತದೆ ಎಂದುಕೊಳ್ಳಿ. ಮೊದಲ ತಂಡದವರು 46, 45, 44, 15 ಹೊಡೆದರು; ಎರಡನೆಯವರು 43, 41, 40, 39; ಮೂರನೆಯವರು 42, 38, 37, 36. ತಟ್ಟೆಗಳನ್ನೇ ಕೂಡಿದರೆ ಕ್ರಮವಾಗಿ 150, 163, 153 ಆಗಿ, 15 ಹೊಡೆದ ಮಗುವಿರುವ ಮೊದಲ ತಂಡ ಕೊನೆಗೆ ಬೀಳುತ್ತದೆ. ಈಗ ಹನ್ನೆರಡು ಅಂಕಗಳನ್ನೂ ಸಾಲಾಗಿ ಬರೆದು ಮೊದಲನೆಯದಕ್ಕೆ 12, ಎರಡನೆಯದಕ್ಕೆ 11, ಹೀಗೆ ಕೊನೆಯದಕ್ಕೆ 1 ಕೊಡಿ. ಮೊದಲ ತಂಡಕ್ಕೆ 12, 11, 10, 1 ಸೇರಿ 34, ಎರಡನೆಯದಕ್ಕೆ 27, ಮೂರನೆಯದಕ್ಕೆ 17. ಕೊನೆಯಲ್ಲಿದ್ದ ತಂಡ ಮೊದಲಾಯಿತು. 15 ಹೊಡೆದವರಿಗೂ 35 ಹೊಡೆದವರಿಗೂ ಅಲ್ಲಿ ಸಿಗುವುದು ಅದೇ ಒಂದು ಪಾಯಿಂಟ್; ಹೊಸಬರ ಕೆಟ್ಟ ದಿನ ತಂಡವನ್ನು ಎಷ್ಟು ಕೆಳಕ್ಕೆ ಎಳೆಯಬಹುದು ಎಂಬುದಕ್ಕೆ ಹೀಗೊಂದು ಮಿತಿ ಬೀಳುತ್ತದೆ. ಇದೇ ಪದ್ಧತಿಯಲ್ಲಿ 46ರ ಬದಲು 50 ಹೊಡೆದಿದ್ದರೂ ಆ ಹುಡುಗನಿಗೆ 12ಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಪರಿಣತರಿಗೆ ಇದು ಸ್ವಲ್ಪ ಕಹಿ ಎನಿಸಬಹುದು. ಆದರೆ ಶಾಲೆಯ ಲೀಗಿಗೆ ಇದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ವೈಯಕ್ತಿಕ ಸ್ಥಾನಗಳನ್ನು ತಂಡದ ಲೆಕ್ಕದಿಂದ ಬೇರೆಯಾಗಿ ಇಡುತ್ತಾರೆ. 25ಕ್ಕೆ ಸರಾಸರಿ 15 ಮುಟ್ಟದವರು ನೋವಿಸ್, 15ರಿಂದ 19ರೊಳಗಿನವರು ಜೂನಿಯರ್ ವಾರ್ಸಿಟಿ, 19 ಮತ್ತು ಮೇಲ್ಪಟ್ಟವರು ವಾರ್ಸಿಟಿ. ತಮ್ಮ ಮಗಳ ಪೈಪೋಟಿ ಸದ್ಯಕ್ಕೆ ನೋವಿಸ್ ಪಟ್ಟಿಯವರೊಡನೆ. ಋತುವಿನ ಕೊನೆಗೆ ಅಲೆಕ್ಸಾಂಡ್ರಿಯಾ ಊರಿನ ಶೂಟಿಂಗ್ ಪಾರ್ಕಿನಲ್ಲಿ ರಾಜ್ಯದ ಎಲ್ಲ ತಂಡಗಳೂ ಒಂದೆಡೆ ಸೇರುವಾಗ ಅವಳ ಎದುರಾಳಿಗಳು ತಮಗೂ ಕಣ್ಣಿಗೆ ಬೀಳುತ್ತಾರೆ. ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಸ್ಥೆ 2014ರಿಂದ ಪ್ರತ್ಯೇಕವಾಗಿ ನಡೆಸುವ ಕೂಟದಲ್ಲಿ ಮಾತ್ರ ಲೆಕ್ಕ ನೇರವಾದದ್ದು: ತಂಡಕ್ಕೆ ಐವರು, ತಲಾ 100 ತಟ್ಟೆ, ಒಟ್ಟು 500ಕ್ಕೆ ಎಷ್ಟು ಎಂಬುದೇ ಅಂಕ. ಅಲ್ಲಿಗೆ ಹೋಗುವವರು ಆಯ್ದ ಐವರೇ ಆದ್ದರಿಂದ ಹೊಸಬರನ್ನು ಕಾಯುವ ಲೆಕ್ಕ ಅಲ್ಲಿ ಬೇಕಾಗುವುದಿಲ್ಲ.

ಪ್ರಶ್ನೆ: ಒಹಾಯೊದಲ್ಲಿ ಸಹೋದ್ಯೋಗಿಗಳ ಜೊತೆ ಕ್ಲಬ್ ಲೀಗಿಗೆ ಸೇರಿದ್ದೇನೆ. ಕಳೆದ ವಾರ ನಾನು ಹೊಡೆದ ತಟ್ಟೆಯಿಂದ ಧೂಳು ಎದ್ದದ್ದು ಸ್ಪಷ್ಟವಾಗಿ ಕಂಡಿತು. ಆದರೂ ಅಂಕ ಬರೆಯುವವರು ‘ಲಾಸ್ಟ್’ (ತಪ್ಪಿತು) ಎಂದರು. ಇದು ನ್ಯಾಯವೇ?

ಉತ್ತರ: ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ತಟ್ಟೆಯಿಂದ ಕಣ್ಣಿಗೆ ಕಾಣುವ ಒಂದು ಚೂರಾದರೂ ಸಿಡಿಯಬೇಕು, ಇಲ್ಲವೇ ತಟ್ಟೆ ಪೂರ್ತಿ ಪುಡಿಯಾಗಬೇಕು. ಆಗಷ್ಟೇ ಅದು ಒಡೆದ ಲೆಕ್ಕ. ಬರಿಯ ಧೂಳು ಹಾರಿ ತಟ್ಟೆ ಇಡಿಯಾಗಿಯೇ ಮುಂದಕ್ಕೆ ಹೋದರೆ ಅದು ತಪ್ಪಿದ ತಟ್ಟೆ. ಆಮೇಲೆ ಹುಲ್ಲಿನಲ್ಲಿ ಬಿದ್ದದ್ದನ್ನು ಹೆಕ್ಕಿ ತಂದು ‘ನೋಡಿ, ಇಲ್ಲಿ ತೂತು ಬಿದ್ದಿದೆ’ ಎಂದರೂ ಪ್ರಯೋಜನವಿಲ್ಲ.

ತಾವು ಹೊಸಬರಾದ್ದರಿಂದ ಸಾಲಿನಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ತಟ್ಟೆ ಎಸೆಯುವ ಯಂತ್ರವಿರುವ ನೆಲಮಟ್ಟದ ಟ್ರ್ಯಾಪ್ ಹೌಸಿನ ಹಿಂದೆ 16 ಗಜ ದೂರದಲ್ಲಿ, ಮೂರು ಮೂರು ಗಜ ಅಂತರದಲ್ಲಿ ಐದು ಸ್ಟೇಷನ್‌ಗಳು, ಅಂದರೆ ನಿಂತು ಹೊಡೆಯುವ ಜಾಗಗಳು. ಐವರ ಸ್ಕ್ವಾಡ್ ಅಲ್ಲಿ ನಿಲ್ಲುತ್ತದೆ. ಮೊದಲ ಸ್ಟೇಷನ್ನಿನಲ್ಲಿ ನಿಂತವರೇ ಸ್ಕ್ವಾಡಿನ ಮುಂದಾಳು. ಎಲ್ಲರೂ ಸಿದ್ಧರಿದ್ದಾರೆಯೇ ಎಂದು ಅವರು ವಿಚಾರಿಸಿ, ಹಾರಾಟ ನೋಡಲು ಒಂದು ತಟ್ಟೆಯನ್ನು ಸುಮ್ಮನೆ ಎಸೆಯಿಸಿ, ಅನಂತರ ತಟ್ಟೆ ಎಸೆಯಲು ಸೂಚನೆಯಾಗಿ ‘ಪುಲ್’ ಎನ್ನುತ್ತಾರೆ. ಯಂತ್ರ ಎಡಕ್ಕೂ ಬಲಕ್ಕೂ ತೂಗುತ್ತಲೇ ಇರುವುದರಿಂದ ತಟ್ಟೆ ಯಾವ ಕಡೆಗೆ ಹೊರಡುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಒಂದು ತಟ್ಟೆಗೆ ಒಂದೇ ಗುಂಡು. ಒಬ್ಬರ ಬಳಿಕ ಒಬ್ಬರಂತೆ ಎಲ್ಲರೂ ಐದೈದು ಹೊಡೆದ ಮೇಲೆ ಬಲಕ್ಕೆ ಒಂದು ಸ್ಟೇಷನ್ ಸರಿಯುತ್ತಾರೆ; ಐದನೆಯವರು ಬಂದೂಕನ್ನು ತೆರೆದು ಖಾಲಿ ಮಾಡಿಕೊಂಡು ಎಲ್ಲರ ಹಿಂದಿನಿಂದ ನಡೆದು ಮೊದಲನೆಯದಕ್ಕೆ ಬರುತ್ತಾರೆ. ಐದು ಸ್ಟೇಷನ್‌ಗಳಿಂದ ಐದೈದು, ಒಟ್ಟು 25. ಒಂದು ಡಬ್ಬಿ ತೋಟಾ ಅಲ್ಲಿಗೆ ಮುಗಿಯುತ್ತದೆ.

ಅಂಕ ಬರೆಯುವವರು ಹಿಂದೆ ಎತ್ತರದ ಕುರ್ಚಿಯಲ್ಲಿ ಹಾಳೆ ಹಿಡಿದು ಕುಳಿತು, ಒಡೆದದ್ದಕ್ಕೆ ಓರೆಗೆರೆ, ತಪ್ಪಿದ್ದಕ್ಕೆ ಸೊನ್ನೆ ಹಾಕುತ್ತಾರೆ. ತಪ್ಪಿದಾಗ ಮಾತ್ರ ‘ಲಾಸ್ಟ್’ ಎಂದು ಕೂಗುತ್ತಾರೆ. ಸಾಲು ಮೌನವಾಗಿದ್ದರೆ ಎಲ್ಲವೂ ಒಡೆಯುತ್ತಿದೆ ಎಂದರ್ಥ. ಯಂತ್ರದಿಂದ ಒಡೆದೇ ಹೊರಬಂದ ತಟ್ಟೆಗೆ ಲೆಕ್ಕವಿಲ್ಲ, ಬದಲಿ ತಟ್ಟೆ ಎಸೆಯುತ್ತಾರೆ. ಆಕ್ಷೇಪವಿದ್ದರೆ ಮುಂದಿನ ಗುಂಡು ಹಾರುವುದಕ್ಕೆ ಮೊದಲೇ ಕೈಯೆತ್ತಿ ಹೇಳಬೇಕು. ಸುತ್ತು ಮುಗಿದ ಮೇಲೆ ಚಹಾ ಕುಡಿಯುತ್ತಾ ಹೇಳಿದರೆ ಯಾರೂ ಕೇಳುವುದಿಲ್ಲ. ಹಾಳೆಯಲ್ಲಿ ತಮ್ಮ ಸಾಲನ್ನು ತಾವೇ ಎಣಿಸಿ ನೋಡದೆ ಮೈದಾನ ಬಿಡಬೇಡಿ. ಲೀಗಿನಲ್ಲಿ ನಡೆಯುವ ತಕರಾರುಗಳಲ್ಲಿ ಗುರಿಗಿಂತ ಕೂಡುವಲ್ಲಿ ಆದ ತಪ್ಪುಗಳೇ ಹೆಚ್ಚು.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಪ್ರತಿ ವಾರ ಎರಡೆರಡು ತಂಡಗಳನ್ನು ಎದುರುಬದುರು ಹಾಕುತ್ತಾರೆ. ಕಳೆದ ಸುತ್ತಿನಲ್ಲಿ ನಾವು 111 ತಟ್ಟೆ ಒಡೆದೆವು, ಅವರು ಒಡೆದದ್ದು 92. ಆದರೂ ಅವರೇ ಗೆದ್ದರು! ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಇದರ ಗಣಿತ ಏನು? ನಮ್ಮಲ್ಲೊಬ್ಬರು ರಜೆ ಹಾಕಿದರೆ ಏನಾಗುತ್ತದೆ?

ಉತ್ತರ: ಹ್ಯಾಂಡಿಕ್ಯಾಪ್ ಎಂದರೆ ಬಲಿಷ್ಠರನ್ನೂ ದುರ್ಬಲರನ್ನೂ ಸರಿದೂಗಿಸುವ ಏರ್ಪಾಡು. ಟ್ರ್ಯಾಪ್‌ನಲ್ಲಿ ಇದು ಎರಡು ಬಗೆ. ಅಮೆರಿಕದ ಟ್ರ್ಯಾಪ್ ಸಂಸ್ಥೆಯ ನೋಂದಾಯಿತ ಸ್ಪರ್ಧೆಗಳಲ್ಲಿ ಚೆನ್ನಾಗಿ ಹೊಡೆಯುವವರನ್ನು ಹಿಂದಕ್ಕೆ ಸರಿಸುತ್ತಾರೆ. ಈ ದೂರ 27 ಗಜದವರೆಗೆ, ಅಂದರೆ ಹೆಚ್ಚುಕಡಿಮೆ 25 ಮೀಟರಿನವರೆಗೆ ಹೋಗುತ್ತದೆ. ಹಲವು ಕ್ಲಬ್ ಲೀಗುಗಳಲ್ಲಿ ಯಾರನ್ನೂ ಹಿಂದಕ್ಕೆ ಸರಿಸದೆ, ದುರ್ಬಲ ತಂಡಕ್ಕೆ ಕಾಗದದ ಮೇಲೆ ಒಂದಿಷ್ಟು ತಟ್ಟೆಗಳನ್ನು ಕೂಡಿಸಿ ಕೊಡುತ್ತಾರೆ. ತಮ್ಮ ಪಂದ್ಯದಲ್ಲಿ ನಡೆದದ್ದು ಇದೇ.

ಐವರ ಸರಾಸರಿಗಳನ್ನು ಕೂಡುವುದು ಮೊದಲ ಹೆಜ್ಜೆ. ಒಂದು ತಂಡದವರ ಸರಾಸರಿ 24, 23, 22, 21, 20 ಆಗಿದ್ದರೆ ತಂಡದ ಸರಾಸರಿ 110. ಎದುರು ತಂಡದವರದು 20, 18, 17, 16, 14 ಆಗಿದ್ದರೆ 85. ಅಂತರ 25. ಈ ಅಂತರದ ಶೇಕಡಾ 80ರಷ್ಟನ್ನು ಕೊಡುವುದು ಲೀಗಿನ ನಿಯಮವಾಗಿದ್ದರೆ ದುರ್ಬಲ ತಂಡಕ್ಕೆ ಒಂದು ಸುತ್ತಿನಲ್ಲಿ 20 ತಟ್ಟೆಗಳು ಸಿಗುತ್ತವೆ. ಆಗ 92 ಒಡೆದವರು 112 ಆಗುತ್ತಾರೆ, 111 ಒಡೆದವರು ಒಂದು ತಟ್ಟೆಯಿಂದ ಸೋಲುತ್ತಾರೆ. ತಮ್ಮ ಕ್ಲಬ್ಬಿನ ಶೇಕಡಾವಾರು ಬೇರೆ ಇರಬಹುದು, ನಿಯಮದ ಹಾಳೆ ನೋಡಿಕೊಳ್ಳಿ. ಎದುರು ತಂಡದವರು ಆ ದಿನ ತಮ್ಮ ಸರಾಸರಿಗಿಂತ 7 ತಟ್ಟೆ ಹೆಚ್ಚು ಒಡೆದಿದ್ದಾರೆ, ತಾವು ಒಂದೇ ಒಂದು ಹೆಚ್ಚು ಒಡೆದಿದ್ದೀರಿ ಎಂಬ ದೃಷ್ಟಿಯಿಂದ ನೋಡಿದರೆ ಫಲಿತಾಂಶ ಅಷ್ಟೊಂದು ವಿಚಿತ್ರವೆನಿಸುವುದಿಲ್ಲ. ಅಂತರವನ್ನು ಪೂರ್ತಿ 100ರಷ್ಟು ಕೊಟ್ಟುಬಿಟ್ಟರೆ ಕಷ್ಟಪಟ್ಟು ಸರಾಸರಿ ಏರಿಸಿಕೊಂಡವರಿಗೆ ಯಾವ ಲಾಭವೂ ಉಳಿಯುವುದಿಲ್ಲ; ಆದ್ದರಿಂದ ಬಲಿಷ್ಠರ ಕೈಯಲ್ಲಿ ಒಂದಿಷ್ಟು ಉಳಿಯುವಂತೆ ಕಡಿತ ಮಾಡುತ್ತಾರೆ.

ಈ ಪದ್ಧತಿಯ ದೊಡ್ಡ ದೋಷ ಗುರಿಕಾರರಿಗೆಲ್ಲ ಗೊತ್ತಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಆರಂಭದ ವಾರಗಳಲ್ಲಿ ಬೇಕೆಂದೇ ತಪ್ಪಿಸಿದವರಿಗೆ ಮುಂದೆ ಹೆಚ್ಚು ತಟ್ಟೆಗಳು ಸಿಗುತ್ತವೆ. ಮೇಲಿನ ಉದಾಹರಣೆಯ ದುರ್ಬಲ ತಂಡದ ಐವರೂ ತಲಾ ಎರಡೇ ತಟ್ಟೆ ಬಿಟ್ಟುಕೊಟ್ಟರೂ ತಂಡದ ಸರಾಸರಿ 75ಕ್ಕೆ ಇಳಿದು, ಅಂತರ 35 ಆಗಿ, ಅವರಿಗೆ 20ರ ಬದಲು 28 ತಟ್ಟೆಗಳು ಬರುತ್ತವೆ. ಎಂಟು ತಟ್ಟೆ ಪುಕ್ಕಟೆ! ಇದನ್ನು ತಡೆಯಲು ಕೆಲವು ಕ್ಲಬ್‌ಗಳು ಹಿಂದಿನ ವರ್ಷದ ಸರಾಸರಿಯಿಂದ ಆರಂಭಿಸುತ್ತವೆ, ಕೆಲವು ಪ್ರತಿ ವಾರವೂ ಸರಾಸರಿಯನ್ನು ಹೊಸದಾಗಿ ಲೆಕ್ಕ ಹಾಕುತ್ತವೆ, ಇನ್ನು ಕೆಲವು ಇಂತಿಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಮೇಲ್ಮಿತಿ ಹಾಕುತ್ತವೆ. ನಮ್ಮನ್ನು ಕೇಳಿದರೆ ಪ್ರತಿ ವಾರ ಹೊಸ ಸರಾಸರಿ, ಅದರ ಜೊತೆಗೆ ಮೇಲ್ಮಿತಿ, ಇವೆರಡೂ ಇರುವ ಲೀಗಿಗೇ ಸೇರುವುದು ಒಳ್ಳೆಯದು.

ರಜೆ ಹಾಕಿದವರ ಜಾಗಕ್ಕೆ ಸಾಮಾನ್ಯವಾಗಿ ಮೂರು ದಾರಿಗಳಿವೆ: ಮೊದಲೇ ಬಂದು ಆ ವಾರದ ತಟ್ಟೆಗಳನ್ನು ಹೊಡೆದು ಹೋಗುವುದು, ಬದಲಿ ಆಟಗಾರರನ್ನು ನಿಲ್ಲಿಸುವುದು, ಎರಡೂ ಆಗದಿದ್ದರೆ ಗೈರಾದವರ ಸರಾಸರಿಯಿಂದ ಒಂದೆರಡು ತಟ್ಟೆ ಕಳೆದು ಅದನ್ನೇ ಅವರ ಅಂಕವೆಂದು ಬರೆಯುವುದು. ಆ ಒಂದೆರಡರ ಕಡಿತ ಇಲ್ಲದಿದ್ದರೆ, ಬಿರುಗಾಳಿಯ ದಿನ ಮನೆಯಲ್ಲಿ ಕುಳಿತವರಿಗೇ ಮೈದಾನಕ್ಕೆ ಬಂದವರಿಗಿಂತ ಹೆಚ್ಚು ಅಂಕ ಸಿಕ್ಕೀತು.

ಪ್ರಶ್ನೆ: ಋತುವಿನ ಕೊನೆಯ ದಿನದ ಸ್ಪರ್ಧೆಯಲ್ಲಿ ನಾನು 50ಕ್ಕೆ 47 ಹೊಡೆದೆ, ಬಹುಮಾನ ಬರಲಿಲ್ಲ. 41 ಹೊಡೆದ ಗೆಳೆಯರಿಗೆ ಬಂತು. ಲೂಯಿಸ್ ಕ್ಲಾಸ್ ಎಂದು ಫಲಕದ ಮೇಲೆ ಬರೆದಿದ್ದರು.

ಉತ್ತರ: ಫಲಕದಲ್ಲೇ ಉತ್ತರವಿತ್ತು. ಲೂಯಿಸ್ ಪದ್ಧತಿಯಲ್ಲಿ ಯಾರು ಯಾವ ವರ್ಗ ಎಂದು ಮೊದಲೇ ನಿರ್ಧರಿಸುವುದಿಲ್ಲ. ಎಲ್ಲರೂ ಹೊಡೆದಾದ ಮೇಲೆ ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಬರೆದು, ಪಟ್ಟಿಯನ್ನು ಸಮನಾದ ಭಾಗಗಳಾಗಿ ಕತ್ತರಿಸಿ, ಪ್ರತಿ ಭಾಗದ ತುದಿಯಲ್ಲಿರುವವರಿಗೆ ಬಹುಮಾನ ಕೊಡುತ್ತಾರೆ. ಇಪ್ಪತ್ತು ಜನರಿದ್ದು ನಾಲ್ಕು ಭಾಗ ಮಾಡಿದರೆ ಒಂದನೆಯ, ಆರನೆಯ, ಹನ್ನೊಂದನೆಯ ಮತ್ತು ಹದಿನಾರನೆಯ ಸ್ಥಾನದವರಿಗೆ ಬಹುಮಾನ. 47 ಹೊಡೆದ ತಾವು ಬಹುಶಃ ನಾಲ್ಕನೆಯವರೋ ಐದನೆಯವರೋ ಆಗಿ ಮೊದಲ ಭಾಗದ ಬಾಲದಲ್ಲಿ ಉಳಿದಿರಿ. ಗೆಳೆಯರು ಹನ್ನೊಂದನೆಯವರಾಗಿ ಮೂರನೆಯ ಭಾಗದ ತಲೆಗೆ ಬಂದರು. ಕತ್ತರಿಸುವ ಗೆರೆ ಎಲ್ಲಿ ಬೀಳುತ್ತದೆಂದು ಯಾರಿಗೂ ಮುಂಚಿತವಾಗಿ ತಿಳಿಯದ ಕಾರಣ ಬೇಕೆಂದೇ ಕಡಿಮೆ ಹೊಡೆದು ಲಾಭ ಪಡೆಯಲು ಇಲ್ಲಿ ಆಸ್ಪದವಿಲ್ಲ. ಅದೃಷ್ಟದ ಪಾಲು ಹೆಚ್ಚು ಎಂಬುದೂ ಅಷ್ಟೇ ನಿಜ. ಇಡೀ ಋತುವಿನ ತಂಡದ ಪ್ರಶಸ್ತಿಯನ್ನು ಹೀಗೆ ನಿರ್ಧರಿಸಿದರೆ ತಪ್ಪಾಗುತ್ತದೆ, ಕೊನೆಯ ದಿನದ ಊಟದ ಜೊತೆಗಿನ ಬಹುಮಾನಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ಟ್ರ್ಯಾಪ್ ತಂಡ 361 ಅಂಕ ಗಳಿಸಿ ಚಿನ್ನ ಗೆದ್ದಿತು ಎಂದು ಓದಿದ್ದೆ. ಅದು ಎಷ್ಟಕ್ಕೆ 361? ಅಮೆರಿಕದ ಲೀಗಿನ ಆಟವೂ ಅದೇ ತಾನೆ? — ಮೈಸೂರಿನ ಓದುಗರು

ಉತ್ತರ: 375ಕ್ಕೆ 361. ಪೃಥ್ವಿರಾಜ್ ತೊಂಡೈಮಾನ್, ಕೈನಾನ್ ಚೆನೈ, ಜೋರಾವರ್ ಸಿಂಗ್ ಸಂಧು ಈ ಮೂವರೂ ತಲಾ 125 ತಟ್ಟೆಗಳಿಗೆ ಗುರಿಯಿಟ್ಟರು. ಮೂವರೂ ಸೇರಿ ತಪ್ಪಿಸಿದ್ದು 14 ಮಾತ್ರ. ಅದೇ ಕೂಟದಲ್ಲಿ ಮಹಿಳೆಯರ ತಂಡ 337 ಗಳಿಸಿ ಬೆಳ್ಳಿ ಪಡೆಯಿತು. ಅಲ್ಲಿ ತಂಡಕ್ಕೆಂದು ಬೇರೆ ಪಂದ್ಯವಿರಲಿಲ್ಲ. ವೈಯಕ್ತಿಕ ಅರ್ಹತಾ ಸುತ್ತಿನಲ್ಲಿ ಹೊಡೆದ ಅಂಕಗಳನ್ನೇ ಕೂಡಿ ತಂಡದ ಪದಕ ನಿರ್ಧರಿಸಿದರು. ಹ್ಯಾಂಡಿಕ್ಯಾಪ್ ಇಲ್ಲ, ಸ್ಥಾನಕ್ಕೆ ಪಾಯಿಂಟ್ ಇಲ್ಲ, ಲೆಕ್ಕಕ್ಕೆ ಬಾರದ ನಾಲ್ಕನೆಯವರೂ ಇಲ್ಲ. ಮೂವರಲ್ಲಿ ಒಬ್ಬರು ಎಡವಿದರೂ ಅದು ನೇರವಾಗಿ ಮೊತ್ತಕ್ಕೆ ಬಡಿಯುತ್ತದೆ.

ಆಟವೂ ಬೇರೆಯದೇ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಕಂದಕದೊಳಗೆ ಹದಿನೈದು ಯಂತ್ರಗಳಿರುತ್ತವೆ, ಪ್ರತಿ ಸ್ಟೇಷನ್ನಿಗೆ ಮೂರು. ತಟ್ಟೆ ಇನ್ನೂ ವೇಗವಾಗಿ, ಸುಮಾರು 76 ಮೀಟರ್ ದೂರಕ್ಕೆ ಹಾರುತ್ತದೆ. ಅಮೆರಿಕದ ಟ್ರ್ಯಾಪ್‌ನಲ್ಲಿ ಅದು ಸುಮಾರು 50 ಗಜ. ಆದರೆ ಅರ್ಹತಾ ಸುತ್ತಿನಲ್ಲಿ ಒಂದು ತಟ್ಟೆಗೆ ಎರಡು ಗುಂಡುಗಳ ಅವಕಾಶವಿದೆ, ಎರಡನೆಯದರಿಂದ ಒಡೆದರೂ ಅಂಕ ಅಷ್ಟೇ. ಸ್ಕ್ವಾಡಿನಲ್ಲಿ ಆರು ಜನ, ಒಂದೊಂದು ತಟ್ಟೆ ಹೊಡೆದ ಮೇಲೆಯೂ ಮುಂದಿನ ಸ್ಟೇಷನ್ನಿಗೆ ಸರಿಯುತ್ತಾರೆ. ಆದ್ದರಿಂದ ಅಮೆರಿಕದ ಕ್ಲಬ್ಬಿನಲ್ಲಿ 25ಕ್ಕೆ 25 ಹೊಡೆದವರನ್ನು ಒಲಿಂಪಿಕ್ ಅಂಕಗಳೊಡನೆ ಹೋಲಿಸಿ ನೋಡುವುದು ಸರಿಯಲ್ಲ.

ಪ್ರಶ್ನೆ: ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ನಮ್ಮ ಊರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅದನ್ನು ಒಕ್ಕಗಳ (ಕೊಡವ ಮನೆತನಗಳ) ನಡುವಿನ ತಂಡ ಸ್ಪರ್ಧೆಯಾಗಿ ನಡೆಸಲು ಈ ಲೆಕ್ಕ ಉಪಯೋಗಕ್ಕೆ ಬಂದೀತೇ? — ಕೊಡಗಿನ ಓದುಗರು

ಉತ್ತರ: ಬಂದೀತು, ಒಂದು ತಿದ್ದುಪಡಿಯೊಡನೆ. ತೆಂಗಿನಕಾಯಿ ಒಡೆದರೆ ಒಡೆಯಿತು, ಇಲ್ಲವಾದರೆ ಇಲ್ಲ. ಒಬ್ಬರಿಗೆ ಒಂದೇ ಅವಕಾಶವಿದ್ದರೆ ಎಲ್ಲರ ಅಂಕವೂ ಸೊನ್ನೆ ಅಥವಾ ಒಂದೇ ಆಗುವುದರಿಂದ ಸ್ಥಾನದ ಪಟ್ಟಿ ಮಾಡಲು ಬರುವುದಿಲ್ಲ. ಒಬ್ಬೊಬ್ಬರಿಗೆ ಹತ್ತು ಗುರಿಗಳನ್ನಾದರೂ ಕೊಡಬೇಕು. ಅಷ್ಟು ಕಾಯಿ ಹಾಳು ಮಾಡಲು ಹಿರಿಯರು ಒಪ್ಪದಿದ್ದರೆ ಕಾಗದದ ಗುರಿಹಲಗೆ ಇಟ್ಟು, ತೆಂಗಿನಕಾಯಿಯನ್ನು ಸಮಬಲ ಮುರಿಯುವ ಕೊನೆಯ ಸುತ್ತಿಗಾಗಿ ಉಳಿಸಿಕೊಳ್ಳಬಹುದು. ಪ್ರತಿ ಒಕ್ಕದಿಂದ ಎಷ್ಟು ಜನರಾದರೂ ಹೊಡೆಯಲಿ, ಲೆಕ್ಕಕ್ಕೆ ಮೇಲಿನ ನಾಲ್ವರದೋ ಐವರದೋ ಅಂಕ ಮಾತ್ರ ಬರಲಿ. ಆ ಸಂಖ್ಯೆಯನ್ನು ಬರಲಿರುವ ಅತಿ ಚಿಕ್ಕ ಒಕ್ಕದ ಬಲ ನೋಡಿ ನಿರ್ಧರಿಸಿ, ಮೊದಲ ಗುಂಡು ಹಾರುವುದಕ್ಕೆ ಮುಂಚೆಯೇ ಹಾಳೆಯ ಮೇಲೆ ಬರೆದು ಎಲ್ಲ ಒಕ್ಕದವರಿಂದಲೂ ಸಹಿ ಹಾಕಿಸಿಕೊಳ್ಳಿ. ಹಾಗೆ ಮಾಡದಿದ್ದರೆ ಇಪ್ಪತ್ತು ಜನ ಗುರಿಕಾರರಿರುವ ಒಕ್ಕ ಪ್ರತಿ ವರ್ಷವೂ ಗೆಲ್ಲುತ್ತದೆ, ಐದೇ ಜನರಿರುವ ಒಕ್ಕ ಮೂರನೆಯ ವರ್ಷದಿಂದ ಬರುವುದನ್ನೇ ನಿಲ್ಲಿಸುತ್ತದೆ.